ಕುಡಿಯಿಂದ ಬಿತ್ತನೆ ಗಡ್ಡೆಯವರೆಗೆ: ಅಂಗಾಂಶ ಕೃಷಿಯ ಆಲೂಗಡ್ಡೆ ಸಸಿ ಬೆಳೆಸುವ ಕ್ರಮ

ಮೇ ತಿಂಗಳು ಬಂತೆಂದರೆ ಹಾಸನದ ಎಪಿಎಂಸಿ ಅಂಗಳದಲ್ಲಿ ಪಂಜಾಬಿನ ಜಲಂಧರ್ ಕಡೆಯಿಂದ ಬಂದ ಬಿತ್ತನೆ ಆಲೂಗಡ್ಡೆಯ ಚೀಲಗಳು ಸಾಲುಗಟ್ಟುತ್ತವೆ. ಮುಂಗಾರು ಹಿಡಿಯುವುದರೊಳಗೆ ಬಿತ್ತಬೇಕೆಂಬ ಅವಸರದಲ್ಲಿ ರೈತರು ಚೀಲ ಬಿಚ್ಚಿ, ಗಡ್ಡೆಯ ಗಾತ್ರ ನೋಡಿ, ಒಂದನ್ನು ಕೊಯ್ದು ಕೊಳೆತಿದೆಯೇ ಎಂದು ಪರೀಕ್ಷಿಸಿ ಹಣ ಕೊಡುತ್ತಾರೆ. ಆದರೆ ಗಡ್ಡೆಯೊಳಗೆ ವೈರಸ್ ಇದೆಯೇ, ಆ ಗಡ್ಡೆ ಮೂಲಬೀಜದಿಂದ ಎಷ್ಟನೆಯ ತಲೆಮಾರಿನದು ಎಂಬ ಎರಡು ಮುಖ್ಯ ಸಂಗತಿಗಳು ಕಣ್ಣಿಗೆ ಕಾಣುವಂಥವಲ್ಲ. ಗಿಡ ಮೇಲೆದ್ದು ಎಲೆ ಮುಟುರಿಕೊಂಡ ಮೇಲೆ ಅವು ತಿಳಿಯುತ್ತವೆ; ಅಷ್ಟರಲ್ಲಿ ಬೀಜದ ಹಣ, ಗೊಬ್ಬರದ ಹಣ, ಒಂದು ಹಂಗಾಮು ಎಲ್ಲವೂ ಹೋಗಿರುತ್ತವೆ.

ರಾಗಿ, ಜೋಳದಂತೆ ಆಲೂಗಡ್ಡೆಯನ್ನು ಕಾಳಿನಿಂದ ಬೆಳೆಯುವುದಿಲ್ಲ. ಗಡ್ಡೆಯೇ ಬೀಜ, ಗಡ್ಡೆಯೆಂದರೆ ತಾಯಿ ಗಿಡದ ಕಾಂಡದ ಒಂದು ತುಂಡು. ಆದ್ದರಿಂದ ತಾಯಿ ಗಿಡಕ್ಕೆ ಗಿಡಹೇನು ತಂದುಹಚ್ಚಿದ ಪಿವಿವೈ (ಆಲೂಗಡ್ಡೆ ವೈರಸ್ ವೈ) ಅಥವಾ ಎಲೆಸುರುಳಿ ವೈರಸ್ ಇದ್ದರೆ ಅದು ಮಗಳ ಗಡ್ಡೆಗೂ ಮೊಮ್ಮಗಳ ಗಡ್ಡೆಗೂ ಇಳಿಯುತ್ತದೆ, ಪ್ರತಿ ಬೆಳೆಯಲ್ಲೂ ಹೆಚ್ಚುತ್ತದೆ. ಔಷಧ ಹೊಡೆದು ಗಿಡದೊಳಗಿನ ವೈರಸ್ಸನ್ನು ತೆಗೆಯಲಾಗದು. ಅದನ್ನು ತೆಗೆಯಲು ಇರುವ ನಂಬಿಕೆಯ ದಾರಿ ಅಂಗಾಂಶ ಕೃಷಿ, ಅಂದರೆ ಗಿಡದ ಚಿಕ್ಕ ಚೂರನ್ನು ಗಾಜಿನ ಬಾಟಲಿಯೊಳಗೆ ಪೋಷಕ ಮಾಧ್ಯಮದ ಮೇಲೆ ಬೆಳೆಸುವುದು. ಹಾಗೆ ಶುದ್ಧಗೊಂಡ ಗಿಡದಿಂದ ನಮ್ಮ ಹೊಲದ ಅಳತೆಗೆ ಬೇಕಾಗುವಷ್ಟು ಬೀಜ ಮಾಡಿಕೊಳ್ಳುವ ಅಗ್ಗದ ವಿಧಾನವೇ ಕುಡಿ ಕಾಂಡದ ಸಸಿ, ಅಂದರೆ ಆ ಗಿಡದ ಕುಡಿಯನ್ನು ಕತ್ತರಿಸಿ ಬೇರು ಬರಿಸಿದ ಸಸಿ. ವಿಯೆಟ್ನಾಮಿನ ದಲಾತ್ ಬೆಟ್ಟಪ್ರದೇಶದ ರೈತರು ದಶಕಗಳ ಹಿಂದೆಯೇ ಈ ವಿಧಾನವನ್ನು ಕೈವಶ ಮಾಡಿಕೊಂಡಿದ್ದರು. ಪೆರುವಿನ ಲಿಮಾದಲ್ಲಿರುವ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರ ಮತ್ತು ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ ಸೇರಿ ಅದನ್ನು ನಮ್ಮ ಜಿಲ್ಲೆಗೆ ತಂದವು. ಹಾಸನದ ಸೋಮನಹಳ್ಳಿ ಕಾವಲಿನ ಸಂಶೋಧನಾ ಕೇಂದ್ರ ಈ ಕೆಲಸದ ನೆಲೆಯಾಯಿತು.

ಕೆಲವು ವರ್ಷಗಳಿಂದ ನೆರಳುಮನೆಯಲ್ಲಿ ಈ ಸಸಿ ಬೆಳೆಸುತ್ತಿರುವ ನಾನು, ಹೊಸದಾಗಿ ಆರಂಭಿಸುವವರಿಗೆ ನೆರವಾಗಲೆಂದು ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಇಡೀ ಕೆಲಸದ ಗುಟ್ಟು ಒಂದೇ: ತಾಯಿ ಗಿಡ ಎಳೆಯದಾಗಿಯೂ ಶುದ್ಧವಾಗಿಯೂ ಉಳಿಯಬೇಕು.

ಇದು ಕುಲಾಂತರಿಯಲ್ಲ

ಸಸಿ ಕೊಳ್ಳಲು ಬರುವವರಲ್ಲಿ ಬಹಳ ಮಂದಿ ಮೊದಲು ಕೇಳುವುದು ‘ಇದು ಕುಲಾಂತರಿಯೇ’ ಎಂದು. ಅಲ್ಲ. ಅಂಗಾಂಶ ಕೃಷಿಯಲ್ಲಿ ಗಿಡದ ವಂಶವಾಹಿಗೆ ಹೊರಗಿನಿಂದ ಏನನ್ನೂ ಸೇರಿಸುವುದಿಲ್ಲ. ಕುಫ್ರಿ ಜ್ಯೋತಿ ಎಂಬ ತಳಿಯ ಕುಡಿಯಿಂದ ಬರುವುದು ಕುಫ್ರಿ ಜ್ಯೋತಿಯೇ. ಕುಲಾಂತರಿ ಆಲೂಗಡ್ಡೆ ಮಾಡುವವರು ಎಲೆ ಅಥವಾ ಕಾಂಡದ ತುಣುಕುಗಳನ್ನು ಅಗ್ರೊಬ್ಯಾಕ್ಟೀರಿಯಂ ಎಂಬ ಮಣ್ಣಿನ ಬ್ಯಾಕ್ಟೀರಿಯಾದೊಂದಿಗೆ ಬೆರೆಸಿ, ಅದರ ಮೂಲಕ ಬೇಕಾದ ವಂಶವಾಹಿಯನ್ನು ಜೀವಕೋಶಕ್ಕೆ ಸೇರಿಸಿ, ಸೇರಿದ ಕೋಶಗಳನ್ನು ಮಾತ್ರ ಆರಿಸಿ ಗಿಡವಾಗಿ ಬೆಳೆಸುತ್ತಾರೆ. ಮೆಕ್ಸಿಕೋದ ಕಾಡು ಆಲೂಗಡ್ಡೆಯಲ್ಲಿರುವ ಆರ್‌ಬಿ ಎಂಬ ಅಂಗಮಾರಿ ರೋಗ ನಿರೋಧಕ ವಂಶವಾಹಿಯನ್ನು ಸಾಗುವಳಿಯ ತಳಿಗೆ ಹೀಗೆ ಸೇರಿಸಿದ್ದಾರೆ. ಆ ಕೆಲಸವೂ ಗಾಜಿನ ಬಾಟಲಿಯಲ್ಲಿ, ಅದೇ ಪೋಷಕ ಮಾಧ್ಯಮದ ಮೇಲೆ ನಡೆಯುವುದರಿಂದ ಜನರಿಗೆ ಎರಡೂ ಒಂದೇ ಎನ್ನಿಸುತ್ತದೆ.

ಕಾನೂನಿನ ಕಣ್ಣಲ್ಲಿ ಈ ಎರಡಕ್ಕೂ ಬಹಳ ದೂರ. 1986ರ ಪರಿಸರ ಸಂರಕ್ಷಣಾ ಕಾಯಿದೆಯಡಿ 1989ರಲ್ಲಿ ಬಂದ ನಿಯಮಗಳ ಪ್ರಕಾರ, ಕುಲಾಂತರಿ ಗಿಡವನ್ನು ಅನುಮತಿಯಿಲ್ಲದೆ ಹೊಲಕ್ಕೆ ಬಿಡುವಂತಿಲ್ಲ. 2002ರಲ್ಲಿ ಅನುಮತಿ ಪಡೆದ ಬಿಟಿ ಹತ್ತಿಯನ್ನು ಮಾತ್ರ ನಮ್ಮ ದೇಶದ ರೈತರು ವಾಣಿಜ್ಯವಾಗಿ ಬೆಳೆಯುತ್ತಿದ್ದಾರೆ. ಬಿಟಿ ಬದನೆಗೆ 2010ರ ಫೆಬ್ರುವರಿಯಲ್ಲಿ ತಡೆ ಬಿತ್ತು. ಅಂಗಾಂಶ ಕೃಷಿಯ ಸಸಿಗೆ ಇಂಥ ಯಾವ ಅನುಮತಿಯೂ ಬೇಡ, ಆದರೆ ಶುದ್ಧತೆಯ ದೃಢೀಕರಣ ಬೇಕು. ಅಂಗಮಾರಿಯ ವಿಷಯದಲ್ಲೂ ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು: ವೈರಸ್ ಇಲ್ಲದ ಸಸಿಯೆಂದರೆ ಅಂಗಮಾರಿ ತಾಗದ ಸಸಿಯೆಂದಲ್ಲ. ತಳಿಗೆ ಆ ಗುಣವಿಲ್ಲದಿದ್ದರೆ ಬಾಟಲಿಯಿಂದ ಬಂದ ಗಿಡವೂ ಮೋಡ ಮುಸುಕಿದ ವಾರದಲ್ಲಿ ಕರಗಿಹೋಗುತ್ತದೆ.

ಪ್ರಯೋಗಾಲಯದಲ್ಲಿ ನಡೆಯುವುದು

ಈ ಹಂತವನ್ನು ರೈತರು ಮನೆಯಲ್ಲಿ ಮಾಡಲಾರರು, ಮಾಡಬೇಕಾಗಿಯೂ ಇಲ್ಲ. ಆದರೂ ಕೊಳ್ಳುವ ಬಾಟಲಿಯ ಹಿಂದೆ ಏನಿದೆಯೆಂದು ತಿಳಿದಿದ್ದರೆ ಮೋಸ ಹೋಗುವ ಸಂಭವ ಕಡಿಮೆ. ಕುಡಿಯ ತೀರಾ ತುದಿಯಲ್ಲಿ, ಸೂಕ್ಷ್ಮದರ್ಶಕದಲ್ಲಷ್ಟೇ ಕಾಣುವ 0.1ರಿಂದ 0.3 ಮಿ.ಮೀ. ಗಾತ್ರದ ವರ್ಧನ ಅಂಗಾಂಶವಿರುತ್ತದೆ. ಅಲ್ಲಿಗೆ ಆಹಾರ ಸಾಗಿಸುವ ನಾಳಗಳು ಇನ್ನೂ ತಲುಪಿರುವುದಿಲ್ಲ, ಕೋಶಗಳು ಬೇಗಬೇಗ ಒಡೆಯುತ್ತಿರುತ್ತವೆ. ಹೀಗಾಗಿ ಉಳಿದ ಗಿಡವೆಲ್ಲ ರೋಗಗ್ರಸ್ತವಾಗಿದ್ದರೂ ಆ ತುದಿಯಲ್ಲಿ ವೈರಸ್ ಇಲ್ಲದಿರುವ ಸಾಧ್ಯತೆ ಹೆಚ್ಚು. 1952ರಲ್ಲಿ ಫ್ರಾನ್ಸಿನ ಮೊರೆಲ್ ಮತ್ತು ಮಾರ್ಟಿನ್ ಡೇಲಿಯಾ ಗಿಡದಲ್ಲಿ ಇದನ್ನು ಮೊದಲು ಸಾಧಿಸಿ ತೋರಿಸಿದರು, ಬಳಿಕ ಆಲೂಗಡ್ಡೆಗೂ ಅನ್ವಯಿಸಿದರು. ಆ ತುದಿಯನ್ನು ಕತ್ತರಿಸಿ, 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ರೂಪಿಸಿದ ಎಂಎಸ್ ಮಾಧ್ಯಮದಲ್ಲಿ ಇಡುತ್ತಾರೆ. ಲವಣಗಳು, ವಿಟಮಿನ್‌ಗಳು, ಲೀಟರಿಗೆ 30 ಗ್ರಾಂ ಸಕ್ಕರೆ, ಗಟ್ಟಿಯಾಗಲು 7ರಿಂದ 8 ಗ್ರಾಂ ಅಗರ್ ಸೇರಿಸಿ, ರಸಸಾರವನ್ನು (ಪಿಎಚ್) 5.8ಕ್ಕೆ ಹೊಂದಿಸಿ, 121 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿ 15ರಿಂದ 20 ನಿಮಿಷ ಬೇಯಿಸಿದ ಮಾಧ್ಯಮ ಅದು.

ತುದಿಯಿಂದ ಬೆಳೆದ ಗಿಡವನ್ನು ಎಲೈಸಾ ಮತ್ತು ಆರ್‌ಟಿ-ಪಿಸಿಆರ್ ಪರೀಕ್ಷೆಗಳಿಂದ ತಪಾಸಣೆ ಮಾಡಿ, ವೈರಸ್ ಇಲ್ಲವೆಂದು ಖಚಿತವಾದದ್ದನ್ನು ಮಾತ್ರ ಮುಂದಕ್ಕೆ ಒಯ್ಯುತ್ತಾರೆ. ಆಮೇಲಿನ ಕೆಲಸ ಸರಳ: ಒಂದೊಂದು ಗಿಣ್ಣನ್ನು ಎಲೆಸಮೇತ ಕತ್ತರಿಸಿ ಹೊಸ ಬಾಟಲಿಗೆ ಹಾಕುವುದು. ಮೂರು ನಾಲ್ಕು ವಾರಕ್ಕೆ ಅದು ಐದಾರು ಗಿಣ್ಣಿನ ಗಿಡವಾಗುತ್ತದೆ. ಒಂದೊಂದು ಸುತ್ತಿನಲ್ಲಿ ಐದು ಪಟ್ಟು ಎಂದು ಹಿಡಿದರೂ ಐದು ಸುತ್ತಿನಲ್ಲಿ ಒಂದು ಗಿಡ 3,125 ಗಿಡಗಳಾಗುತ್ತದೆ. ಗಿಣ್ಣಿನಿಂದಲೇ ಬೆಳೆಸಬೇಕೇ ಹೊರತು ಆಕಾರವಿಲ್ಲದ ಕೋಶದ ಮುದ್ದೆಯಿಂದ ಬೆಳೆಸಬಾರದು, ಏಕೆಂದರೆ ಮುದ್ದೆಯಿಂದ ಬಂದ ಗಿಡಗಳು ತಳಿಯ ಗುಣ ಬಿಟ್ಟು ಬೇರೆಯಾಗುವ ಅಪಾಯವಿದೆ.

ಬಾಟಲಿ ಕೊಳ್ಳುವಾಗ ತಳಿಯ ಹೆಸರು, ವೈರಸ್ ತಪಾಸಣೆಯ ವರದಿ ಮತ್ತು ದಿನಾಂಕ ಈ ಮೂರನ್ನು ಬರಹದಲ್ಲಿ ಕೇಳಿ ಪಡೆಯಬೇಕು. ಅಂಗಾಂಶ ಕೃಷಿ ಸಸಿಗಳ ದೃಢೀಕರಣಕ್ಕೆಂದು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2006ರಲ್ಲಿ ರಾಷ್ಟ್ರೀಯ ವ್ಯವಸ್ಥೆಯೊಂದನ್ನು ಜಾರಿಗೆ ತಂದಿದೆ. ಅದರ ಮಾನ್ಯತೆ ಪಡೆದ ಪ್ರಯೋಗಾಲಯವೇ ಎಂದು ವಿಚಾರಿಸಬೇಕು. ನಾನು ಮೊದಲ ವರ್ಷ ಬಾಯಿಮಾತಿನ ಭರವಸೆಯ ಮೇಲೆ ತಂದ ಬಾಟಲಿಗಳಲ್ಲಿ ಎರಡು ತಳಿಗಳು ಬೆರೆತಿದ್ದವು, ಅದು ಗೊತ್ತಾದದ್ದು ಹೂ ಬಿಟ್ಟ ಮೇಲೆ.

ಬಾಟಲಿಯಿಂದ ಹೊರಗೆ

ಹಿಂಗಾರಿನಲ್ಲಿ, ಅಂದರೆ ಅಕ್ಟೋಬರ್ ಕೊನೆಯಿಂದ ನವೆಂಬರ್ ನಡುವೆ ಸಸಿಯನ್ನು ಹೊಲಕ್ಕೆ ಇಳಿಸಬೇಕೆಂದಿದ್ದರೆ ಬಾಟಲಿಗಳು ಆಗಸ್ಟ್ ಮೊದಲ ವಾರಕ್ಕೆ ಕೈಸೇರಬೇಕು. ಅದಕ್ಕೆ ಮೊದಲು 40 ಮೆಶ್ ಕೀಟನಿರೋಧಕ ಬಲೆ ಹಾಕಿದ, ಮೇಲೆ ಪಾಲಿಥೀನ್ ಹೊದಿಸಿದ, ಎರಡು ಬಾಗಿಲಿನ ನೆರಳುಮನೆ ಸಿದ್ಧವಿರಬೇಕು. ಒಂದು ಬಾಗಿಲು ಮುಚ್ಚಿದ ಮೇಲೆಯೇ ಇನ್ನೊಂದನ್ನು ತೆರೆಯುವ ಅಭ್ಯಾಸ ಕೆಲಸಗಾರರೆಲ್ಲರಿಗೂ ಬರಬೇಕು. ಬಲೆಯ ಒಂದು ತೂತು ಸಾಕು. ಅದರೊಳಗಿಂದ ನುಗ್ಗಿದ ಗಿಡಹೇನು ಅಥವಾ ಬಿಳಿ ನೊಣ ಪ್ರಯೋಗಾಲಯದ ಆರು ತಿಂಗಳ ಶ್ರಮವನ್ನು ಹಾಳುಮಾಡುತ್ತದೆ.

ಗಿಡಗಳನ್ನು ಬಾಟಲಿಯಿಂದ ಮೆಲ್ಲಗೆ ಎಳೆದು, ಬೇರಿಗೆ ಅಂಟಿರುವ ಅಗರ್ ಪೂರ್ತಿ ಹೋಗುವಂತೆ ಶುದ್ಧ ನೀರಿನಲ್ಲಿ ತೊಳೆಯಬೇಕು. ಅಗರ್‌ನಲ್ಲಿ ಸಕ್ಕರೆಯಿದೆ, ಚೂರು ಉಳಿದರೂ ಬೂಷ್ಟು ಹಿಡಿಯುತ್ತದೆ. ಬಳಿಕ ಲೀಟರಿಗೆ 1 ಗ್ರಾಂ ಕಾರ್ಬೆಂಡಜಿಮ್ ಬೆರೆಸಿದ ನೀರಿನಲ್ಲಿ ಅದ್ದಿ, ಉಪ್ಪಿನಂಶ ಹೋಗುವ ಹಾಗೆ ಚೆನ್ನಾಗಿ ತೊಳೆದ ತೆಂಗಿನ ನಾರಿನ ಪುಡಿಯಲ್ಲಿ ಸುಮಾರು 10 ಸೆಂ.ಮೀ. ಅಂತರಕ್ಕೆ ನೆಡಬೇಕು. ಬಾಟಲಿಯ ತೇವದಲ್ಲಿ ಬೆಳೆದ ಎಲೆಗೆ ಮೇಣದ ಹೊದಿಕೆ ಸರಿಯಾಗಿ ಕೂಡಿರುವುದಿಲ್ಲ, ಪತ್ರರಂಧ್ರಗಳಿಗೆ ಮುಚ್ಚಿಕೊಳ್ಳುವುದು ಗೊತ್ತಿರುವುದಿಲ್ಲ. ಒಮ್ಮೆಲೇ ಗಾಳಿಗೆ ಒಡ್ಡಿದರೆ ಒಂದು ಗಂಟೆಯೊಳಗೆ ಗಿಡ ಜೋತುಬೀಳುತ್ತದೆ. ಆದ್ದರಿಂದ ಮೊದಲ ಐದಾರು ದಿನ ಮಡಿಯ ಮೇಲೆ ಕಮಾನು ಕಟ್ಟಿ ಪಾಲಿಥೀನ್ ಮುಚ್ಚಿ, ದಿನಕ್ಕೆ ಮೂರು ನಾಲ್ಕು ಸಲ ಮಂಜಿನಂತೆ ನೀರು ಚಿಮುಕಿಸಿ, ಆಮೇಲೆ ದಿನದಿನಕ್ಕೂ ಸ್ವಲ್ಪ ಹೆಚ್ಚು ಹೊತ್ತು ಹೊದಿಕೆ ಸರಿಸಬೇಕು. ಆಗಸ್ಟಿನಲ್ಲಿ ನಮ್ಮ ಕಡೆ, ಅದರಲ್ಲೂ ಆಲೂರು, ಬೇಲೂರು, ಚಿಕ್ಕಮಗಳೂರಿನಂಥ ಮಲೆನಾಡಿನ ಸೆರಗಿನಲ್ಲಿ ಗಾಳಿಯಲ್ಲೇ ತೇವ ಬೇಕಾದಷ್ಟಿರುತ್ತದೆ. ಅಲ್ಲಿ ನೀರು ಹೆಚ್ಚಾಗಿ ಬುಡ ಕೊಳೆಯುವುದೇ ದೊಡ್ಡ ಅಪಾಯ. ಹೊದಿಕೆಯ ಒಳಮೈಯಲ್ಲಿ ಹನಿ ಕಟ್ಟಿ ಸುರಿಯುತ್ತಿದ್ದರೆ ಆ ಹೊತ್ತಿನ ನೀರನ್ನು ಬಿಡಬಹುದು.

ತಾಯಿ ಗಿಡವನ್ನು ಎಳೆಯದಾಗಿ ಇಡುವುದು

ಎರಡು ಮೂರು ವಾರ ಕಳೆದು ನಾಲ್ಕೈದು ಹೊಸ ಎಲೆ ಬಂದ ಗಿಡವನ್ನು ಇನ್ನು ಮುಂದೆ ತಾಯಿ ಗಿಡ ಎನ್ನುತ್ತೇವೆ. ಅದರ ಬುಡದಲ್ಲಿ ಎರಡು ಎಲೆ ಉಳಿಸಿ, ಎರಡು ಮೂರು ಎಲೆಯಿರುವ ಕುಡಿಯನ್ನು ಚೂಪಾದ ಬ್ಲೇಡಿನಿಂದ ಕತ್ತರಿಸಬೇಕು. ಕುಡಿ ಹೋದ ಕೂಡಲೇ ಎಲೆಯ ಕಂಕುಳಿನ ಮೊಗ್ಗುಗಳು ಒಡೆದು ಎರಡು ಹೊಸ ಕುಡಿಗಳು ಬರುತ್ತವೆ. 10ರಿಂದ 14 ದಿನಕ್ಕೆ ಅವನ್ನೂ ಕತ್ತರಿಸಬಹುದು. ಮೊದಲ ಒಂದೆರಡು ಕೊಯ್ಲಿನ ಕುಡಿಗಳನ್ನು ಬೇರು ಬರಿಸಿ ಮತ್ತೆ ತಾಯಿ ಗಿಡಗಳನ್ನಾಗಿಯೇ ನೆಡುವುದು ಜಾಣತನ. ಕೊಂಡ ಬಾಟಲಿಗಳ ಸಂಖ್ಯೆ ಕಡಿಮೆಯಾದಷ್ಟೂ ಖರ್ಚು ಇಳಿಯುತ್ತದೆ.

ಇಲ್ಲಿ ಕಣ್ಣು ಪಳಗಬೇಕು. ಅಂಗಾಂಶ ಕೃಷಿಯಿಂದ ಬಂದ ಎಳೆಯ ಗಿಡದ ಎಲೆ ಒಂಟಿಯಾಗಿ, ದುಂಡಗೆ, ತುಳಸಿಯ ಎಲೆಗಿಂತ ತುಸು ಅಗಲವಾಗಿರುತ್ತದೆ. ಗಿಡ ಬಲಿಯುತ್ತಿದ್ದಂತೆ ಒಂದೇ ತೊಟ್ಟಿನಲ್ಲಿ ಹಲವು ಕಿರುಎಲೆಗಳಿರುವ, ಹೊಲದಲ್ಲಿ ನಾವು ನೋಡುವ ಆಲೂಗಡ್ಡೆಯ ಎಲೆ ಮೂಡುತ್ತದೆ. ದುಂಡೆಲೆಯ ಕುಡಿಗೆ ಬೇರು ಬೇಗ ಬರುತ್ತದೆ, ಹೊಲಕ್ಕೆ ಹೋದ ಮೇಲೆ ಗಿಡ ಚೆನ್ನಾಗಿ ಹರಡಿ ಹೆಚ್ಚು ಗಡ್ಡೆ ಕಟ್ಟುತ್ತದೆ. ಕೂಡೆಲೆ ಬಂದ ಗಿಡದ ಕುಡಿಗೆ ಬೇರು ತಡ; ಬೇರು ಬಂದರೂ ಅದು ಟ್ರೇಯಲ್ಲಿರುವಾಗಲೇ ಗಡ್ಡೆ ಕಟ್ಟುವ ಆತುರ ತೋರಿಸುತ್ತದೆ, ಹೊಲದಲ್ಲಿ ಕುಳ್ಳಾಗಿ ಉಳಿದು ಎರಡು ಮೂರು ಗಡ್ಡೆಗೆ ಮುಗಿಸುತ್ತದೆ. ಕೂಡೆಲೆ ಕಂಡ ತಾಯಿ ಗಿಡವನ್ನು ಕಿತ್ತು ಹಾಕಬೇಕು. ಹಸಿರಾಗಿ ನಳನಳಿಸುತ್ತಿರುವ ಗಿಡವನ್ನು ಕೀಳಲು ಮನಸ್ಸು ಬಾರದೆ ಇನ್ನೆರಡು ಕೊಯ್ಲು ಆಗಲಿ ಎಂದು ಬಿಟ್ಟವರು, ಕೊನೆಗೆ ಕೊಂಡ ರೈತರ ಹೊಲದಲ್ಲಿ ಅದರ ಬೆಲೆ ತೆರಿಸುತ್ತಾರೆ.

ಎಳೆತನವನ್ನು ಉಳಿಸುವ ಉಪಾಯಗಳು ಮೂರು. ಕುಡಿಯನ್ನು ತಡಮಾಡದೆ ಕತ್ತರಿಸುತ್ತಿರುವುದು ಮೊದಲನೆಯದು. ಪೋಷಣೆ ತಪ್ಪದಂತೆ ವಾರಕ್ಕೊಮ್ಮೆ ಲೀಟರಿಗೆ 1ರಿಂದ 2 ಗ್ರಾಂ 19:19:19 ಕರಗುವ ಗೊಬ್ಬರ ಕೊಡುವುದು ಎರಡನೆಯದು. ಮೂರನೆಯದು ಬೆಳಕು: ಹಗಲು ಮೊಟಕಾಗಿ ರಾತ್ರಿ ತಂಪಾದರೆ ಆಲೂಗಡ್ಡೆ ಗಿಡ ಎಲೆ ಬೆಳೆಸುವುದನ್ನು ಬಿಟ್ಟು ಗಡ್ಡೆ ಕಟ್ಟಲು ತೊಡಗುತ್ತದೆ, ಆದ್ದರಿಂದ ಸೆಪ್ಟೆಂಬರ್ ಕಳೆದ ಮೇಲೆ ಸಂಜೆ ಕೆಲವು ಗಂಟೆ ದೀಪ ಉರಿಸಿ ಹಗಲನ್ನು ಉದ್ದ ಮಾಡಬೇಕು.

ಶುದ್ಧತೆಯ ಮಾತು ಬ್ಲೇಡಿನಲ್ಲಿದೆ. ಪಿವಿಎಕ್ಸ್ ಎಂಬ ವೈರಸ್ಸಿಗೆ ಹೇನೂ ಬೇಡ, ನೊಣವೂ ಬೇಡ, ಬ್ಲೇಡಿಗೆ ಹತ್ತಿದ ರಸವೇ ಸಾಕು. ಮಡಿಯಿಂದ ಮಡಿಗೆ ಹೋಗುವಾಗ ಬ್ಲೇಡನ್ನು 70 ಶೇಕಡಾ ಆಲ್ಕೋಹಾಲಿನಲ್ಲಿ ಅದ್ದಿ ಒರೆಸಬೇಕು, ಕೈಯನ್ನು ಸೋಪಿನಿಂದ ತೊಳೆಯಬೇಕು. ಹೊಲದ ಟೊಮೆಟೊ, ಮೆಣಸಿನಕಾಯಿ ಗಿಡ ಮುಟ್ಟಿ ಬಂದವರನ್ನು ಆ ದಿನ ಒಳಗೆ ಬಿಡದಿರುವುದೇ ಲೇಸು.

ಕತ್ತರಿಸಿದ ಕುಡಿಯ ಕೆಳಗಿನ ಒಂದು ಎಲೆ ತೆಗೆದು, ಆ ಗಿಣ್ಣು ಒಳಗೆ ಹೋಗುವಂತೆ 98 ಗುಳಿಯ ಪ್ರೋಟ್ರೇಯಲ್ಲಿ ಒದ್ದೆ ನಾರಿನ ಪುಡಿಗೆ ಊರಬೇಕು. ಆಲೂಗಡ್ಡೆಗೆ ಬೇರು ಬರಿಸಲು ಹಾರ್ಮೋನಿನ ಪುಡಿಯ ಅಗತ್ಯ ಅಷ್ಟಾಗಿ ಇಲ್ಲ. ಸುಮಾರು ಮೂರು ವಾರದಲ್ಲಿ ಬೇರು ಗುಳಿ ತುಂಬುತ್ತದೆ. ಸಸಿಯನ್ನು ಎಳೆದರೆ ಪುಡಿಯ ಉಂಡೆ ಒಡೆಯದೆ ಬಂದರೆ ಅದು ಹೊಲಕ್ಕೆ ಸಿದ್ಧ.

ಹೊಲದಲ್ಲಿ

ಬಿತ್ತನೆ ಗಡ್ಡೆಗೆಂದು ಇಡುವ ಜಾಗದಲ್ಲಿ ಎರಡು ಮೂರು ವರ್ಷ ಆಲೂಗಡ್ಡೆ, ಟೊಮೆಟೊ, ಬದನೆ ಬೆಳೆದಿರಬಾರದು. ಶುಂಠಿ ಕೊಳೆತ ಹೊಲವಂತೂ ಬೇಡವೇ ಬೇಡ. ಶುಂಠಿಯ ಹಸಿರು ಸೊರಗು ರೋಗವೂ ಆಲೂಗಡ್ಡೆಯ ಸೊರಗು ರೋಗವೂ ಒಂದೇ ಬಳಗದ ಬ್ಯಾಕ್ಟೀರಿಯಾದಿಂದ ಬರುವಂಥವು. ಅನುಮಾನವಿದ್ದರೆ ಬಾಡಿದ ಗಿಡದ ಕಾಂಡವನ್ನು ಕೊಯ್ದು ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಡಿ: ಕೆಲವೇ ನಿಮಿಷದಲ್ಲಿ ಹಾಲಿನಂಥ ಎಳೆ ಇಳಿಯತೊಡಗಿದರೆ ಅದು ಬ್ಯಾಕ್ಟೀರಿಯಾ ಸೊರಗು.

ಸಾಲಿನಿಂದ ಸಾಲಿಗೆ 60 ಸೆಂ.ಮೀ., ಸಸಿಯಿಂದ ಸಸಿಗೆ 20 ಸೆಂ.ಮೀ. ಅಂತರದಂತೆ ಒಂದು ಗುಂಟೆಗೆ ಸುಮಾರು 840 ಸಸಿ ಹಿಡಿಯುತ್ತದೆ. ಮೊದಲೇ ನೀರು ಹಾಯಿಸಿದ ಸಾಲಿನಲ್ಲಿ ಸಂಜೆ ಹೊತ್ತು, ಮೇಲಿನ ಎರಡು ಮೂರು ಎಲೆ ಮಾತ್ರ ಹೊರಗಿರುವಂತೆ ಆಳವಾಗಿ ನೆಡಬೇಕು. ಗಡ್ಡೆ ಕಟ್ಟುವುದು ಮಣ್ಣಿನೊಳಗಿರುವ ಗಿಣ್ಣುಗಳಲ್ಲಿ. ಎಷ್ಟು ಗಿಣ್ಣು ಮುಚ್ಚಿದೆಯೋ ಅಷ್ಟು ಗಡ್ಡೆಗೆ ಅವಕಾಶ. ಇದೇ ಕಾರಣಕ್ಕೆ ನೆಟ್ಟ ಮೂರನೆಯ ಇಲ್ಲವೇ ನಾಲ್ಕನೆಯ ವಾರದಲ್ಲಿ ಒಮ್ಮೆ, ಆರನೆಯ ವಾರದಲ್ಲಿ ಮತ್ತೊಮ್ಮೆ ಬುಡಕ್ಕೆ ಮಣ್ಣು ಏರಿಸುವುದನ್ನು ತಪ್ಪಿಸಬಾರದು. ಸಾರಜನಕ ಅತಿಯಾದರೆ ಎಲೆಯ ಕಡುಹಸಿರಿನಲ್ಲಿ ವೈರಸ್ಸಿನ ಬಣ್ಣಗೇಡು ಮರೆಯಾಗಿಬಿಡುತ್ತದೆ, ಕಿತ್ತೆಸೆಯಬೇಕಾದ ಗಿಡ ಉಳಿದುಬಿಡುತ್ತದೆ; ಆದ್ದರಿಂದ ಯೂರಿಯಾದಲ್ಲಿ ಹಿಡಿತವಿರಲಿ. ಮೋಡ, ಇಬ್ಬನಿ, 20 ಡಿಗ್ರಿಗಿಂತ ಕೆಳಗಿನ ತಂಪು ಒಟ್ಟಿಗೆ ಬಂದ ದಿನಗಳಲ್ಲಿ ಅಂಗಮಾರಿಗೆ ಕಾಯದೆ ಲೀಟರಿಗೆ 2ರಿಂದ 2.5 ಗ್ರಾಂ ಮ್ಯಾಂಕೋಜೆಬ್ ಸಿಂಪಡಿಸಬೇಕು. ಚುಕ್ಕೆ ಕಂಡ ಮೇಲೆ ಬರೀ ಮ್ಯಾಂಕೋಜೆಬ್ ಸಾಲದು, ಸೈಮೊಕ್ಸಾನಿಲ್ ಅಥವಾ ಮೆಟಲಾಕ್ಸಿಲ್ ಬೆರೆತದ್ದು ಬೇಕು.

ತಿಂಗಳಿಗೊಮ್ಮೆಯಾದರೂ ಸಾಲು ಸಾಲು ನಡೆದು, ಮುಟುರಿದ, ಹಳದಿ ಮಚ್ಚೆಯ, ಬೇರೆ ತಳಿಯಂತೆ ಕಾಣುವ ಗಿಡಗಳನ್ನು ಗಡ್ಡೆಸಮೇತ ಅಗೆದು ಹೊರಗೆ ಒಯ್ಯಬೇಕು. ವಾರಕ್ಕೊಮ್ಮೆ 100 ಎಲೆಗಳ ಅಡಿಮೈ ನೋಡಿ ಗಿಡಹೇನು ಎಣಿಸಬೇಕು. ಸಂಖ್ಯೆ 20 ದಾಟುವ ಹೊತ್ತಿಗೆ ಗಡ್ಡೆ ಬಿತ್ತನೆಯ ಗಾತ್ರಕ್ಕೆ ಬಂದಿದ್ದರೆ, ಇನ್ನಷ್ಟು ದಪ್ಪವಾಗಲಿ ಎಂಬ ಆಸೆ ಬಿಟ್ಟು ಸೊಪ್ಪನ್ನು ನೆಲಮಟ್ಟಕ್ಕೆ ಕತ್ತರಿಸಿಬಿಡಬೇಕು. ಎಲೆಗೆ ಬಂದ ವೈರಸ್ ಗಡ್ಡೆಗೆ ಇಳಿಯುವ ಮೊದಲೇ ದಾರಿ ಕಡಿದಂತಾಗುತ್ತದೆ. ಈ ಲೆಕ್ಕ ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಉತ್ತರ ಭಾರತದ ಬಯಲಿನ ಬೀಜೋತ್ಪಾದನೆಗೆಂದು ರೂಪಿಸಿದ ಪದ್ಧತಿಯದು. ಸೊಪ್ಪು ಕತ್ತರಿಸಿ 10ರಿಂದ 15 ದಿನ ಗಡ್ಡೆಯನ್ನು ನೆಲದಲ್ಲೇ ಬಿಟ್ಟರೆ ಸಿಪ್ಪೆ ಬಲಿಯುತ್ತದೆ. ಹೆಬ್ಬೆರಳಿನಿಂದ ಉಜ್ಜಿದರೆ ಸಿಪ್ಪೆ ಸುಲಿಯದಿದ್ದಾಗ ಅಗೆಯಬಹುದು.

ಗಿಡಕ್ಕೆ ಏಳೇ ಗಡ್ಡೆ ಎಂದು ಕಡಿಮೆ ಲೆಕ್ಕ ಹಿಡಿದರೂ ಒಂದು ಗುಂಟೆಯಿಂದ 5,800ಕ್ಕೂ ಹೆಚ್ಚು ಗಡ್ಡೆ ಬರುತ್ತವೆ, ಅಂದರೆ ಮುಂದಿನ ಬೆಳೆಗೆ ಆರೇಳು ಗುಂಟೆಯ ಬೀಜ. ಮೊದಲ ಸಲ ಒಂದು ಗುಂಟೆಗಿಂತ ಹೆಚ್ಚು ಜಾಗಕ್ಕೆ ಕೈಹಾಕಬೇಡಿ.

ಫೆಬ್ರುವರಿಯಲ್ಲಿ ಅಗೆದ ಗಡ್ಡೆಗೆ ಸುಮಾರು ಎರಡು ತಿಂಗಳ ಸುಪ್ತಾವಸ್ಥೆಯಿದೆ, ಹೀಗಾಗಿ ಅದು ಮೇ ಕೊನೆಯ ಬಿತ್ತನೆಗೆ ಸರಿಯಾಗಿ ಒದಗುತ್ತದೆ. ಅಲ್ಲಿಯವರೆಗೆ ಬೇಸಿಗೆಯ ಕಾವಿಗೆ ಒಡ್ಡದೆ 2ರಿಂದ 4 ಡಿಗ್ರಿಯ ಶೀತಲಗೃಹದಲ್ಲಿ ಇಡಬೇಕು. ಬಿತ್ತುವುದಕ್ಕೆ ಹತ್ತು ದಿನ ಮುಂಚೆ ತಂದು, ನೆರಳಿನಲ್ಲಿ ತೆಳ್ಳಗೆ ಹರಡಿದರೆ ಗಿಡ್ಡನೆಯ ಗಟ್ಟಿ ಮೊಳಕೆ ಬರುತ್ತದೆ. ಬೆಳಕಿಗೆ ಸಿಪ್ಪೆ ಹಸಿರಾದರೆ ಅಡಿಗೆಗೆ ಕೆಟ್ಟಿತು, ಬಿತ್ತನೆಗೆ ಕೆಡಲಿಲ್ಲ. ಮುಂಗಾರಿನ ಬೆಳೆಯಲ್ಲಿ ಹೇನು, ನೊಣ, ಅಂಗಮಾರಿ ಮೂರೂ ಇರುವುದರಿಂದ ಅದರ ಗಡ್ಡೆಯನ್ನು ಮತ್ತೆ ಬೀಜವೆಂದು ಇಡುವುದನ್ನು ನಾನು ಒಪ್ಪುವುದಿಲ್ಲ. ಮುಂದಿನ ಹಿಂಗಾರಿನ ಬೀಜದ ತಾಕಿಗೆ ಹೊಸ ಕುಡಿ ಕಾಂಡದ ಸಸಿಯನ್ನೇ ತರಬೇಕು. ಚೀಲ ಹೊಲಿಯುವ ಮೊದಲು ತಳಿ, ಅಗೆದ ದಿನ, ಮತ್ತು ಸಸಿಯಿಂದ ಎಷ್ಟನೆಯ ತಲೆಮಾರು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಒಳಗೊಂದು, ಹೊರಗೊಂದು ಇಡಿ.